ಡ್ರೈ ಐಸ್ ಬಾಕ್ಸನ್ನ ನೆಲಮಾಳಿಗೆ ರೂಮಲ್ಲಿ ಇಡಬಹುದಾ? (ರಬ್ಬರ್ ಮೋಲ್ಡ್ ಕ್ಲೀನಿಂಗ್, ಹೂಟಗಳ್ಳಿ)

ಪ್ರೆಸ್_ಶಾಪ್_ಹೂಟಗಳ್ಳಿ

ಎಲ್ಲರಿಗೂ ನಮಸ್ಕಾರ. ಹೂಟಗಳ್ಳಿ ಇಂಡಸ್ಟ್ರಿಯಲ್ ಏರಿಯಾದಲ್ಲಿ ನಮ್ಮದೊಂದು ಸಣ್ಣ ಘಟಕ. ಎಂಟು ಪ್ರೆಸ್ ಇವೆ. ಆಯಿಲ್ ಸೀಲು, ಗ್ಯಾಸ್ಕೆಟ್ಟು, ಬುಷ್ಷು, ಹೀಗೆ ರಬ್ಬರ್ ಐಟಂಗಳನ್ನ ಜಾಬ್‌ವರ್ಕ್ ಮೇಲೆ ಮಾಡಿಕೊಡ್ತೀವಿ. ಹತ್ತು ಹನ್ನೆರಡು ದಿನ ಓಡಿಸೋ ಹೊತ್ತಿಗೆ ಮೋಲ್ಡ್ ಒಳಗೆ ಕಪ್ಪು ಪದರ ಕಟ್ಟುತ್ತೆ, ಪೀಸ್ ಮೇಲೆ ಕಲೆ ಬೀಳೋಕೆ ಶುರುವಾಗುತ್ತೆ. ಈಗ ಮಾಡ್ತಿರೋದು ಹಳೇ ದಾರಿ. ಮೋಲ್ಡ್ ಇಳಿಸಿ, ಆರಿಸಿ, ಕಾಸ್ಟಿಕ್ ತೊಟ್ಟಿಗೆ ಹಾಕಿ, ಹಿತ್ತಾಳೆ ಬ್ರಷ್ಷಲ್ಲಿ ಉಜ್ಜೋದು. ಒಂದು ಮೋಲ್ಡ್‌ಗೆ ಅರ್ಧ ಶಿಫ್ಟ್ ಹೋಗುತ್ತೆ. ಹುಡುಗರ ಕೈ ನೋಡಿದ್ರೆ ಸಂಕಟ ಆಗುತ್ತೆ, ಕಾಸ್ಟಿಕ್ ತಾಗಿ ಚರ್ಮ ಸುಲಿದಿರುತ್ತೆ.

ಕೊಯಮತ್ತೂರಿನಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಡ್ರೈ ಐಸ್ ಬ್ಲಾಸ್ಟಿಂಗ್ ಮೆಷಿನ್ ನೋಡಿ ಬಂದಿದೀನಿ. ಡ್ರೈ ಐಸ್ ಅಂದ್ರೆ ಗಟ್ಟಿಯಾಗಿಸಿದ ಇಂಗಾಲದ ಡೈಆಕ್ಸೈಡ್ (ಸಿಓ2), ಅದರ ಕಾಳನ್ನ ಗಾಳಿಯ ಒತ್ತಡದಲ್ಲಿ ಹೊಡೆದು ಕೊಳೆ ತೆಗೆಯೋದು. ಬೆಲೆ ಹೊಂದಿಕೆಯಾಗುತ್ತೆ. ಐಸ್ ಬೆಂಗಳೂರಿಂದ ತರಿಸಬೇಕೋ, ನಾವೇ ಮಾಡ್ಕೋಬಹುದೋ ಗೊತ್ತಾಗ್ತಿಲ್ಲ. ವಾರಕ್ಕೆ 100–150 ಕೆಜಿ ಬೇಕಾಗಬಹುದು. ಇನ್ನೊಂದು, ಆಫೀಸ್ ಕೆಳಗೆ ಆರು ಮೆಟ್ಟಿಲು ಇಳಿದ್ರೆ ಒಂದು ರೂಮಿದೆ. 12 ಅಡಿ, 10 ಅಡಿ, ಎತ್ತರ 10 ಅಡಿ. ಬೇಸಿಗೆಯಲ್ಲೂ ತಣ್ಣಗಿರುತ್ತೆ. 50 ಕೆಜಿ ಬಾಕ್ಸ್ ಅಲ್ಲೇ ಇಟ್ಟು ಬಾಗಿಲು ಹಾಕಿದ್ರೆ ಐಸ್ ಜಾಸ್ತಿ ದಿನ ಉಳಿಯುತ್ತೆ ಅಂತ ನನ್ನ ಲೆಕ್ಕ. ಅನುಭವ ಇರೋರು ದಯವಿಟ್ಟು ಹೇಳಿ.

ಟೂಲ್‌ರೂಮ್_ಮೇಟಗಳ್ಳಿ

ಸರ್, ಮೆಷಿನ್ ವಿಷಯದಲ್ಲಿ ಧೈರ್ಯವಾಗಿ ಮುಂದೆ ಹೋಗಿ. ನಾವು ಮಾಡ್ತಿರೋದೂ ಇದೇ ಕೆಲಸ. ಇದರಲ್ಲಿರೋ ದೊಡ್ಡ ಅನುಕೂಲ ಅಂದ್ರೆ ಮೋಲ್ಡನ್ನ ಪ್ರೆಸ್‌ನಿಂದ ಇಳಿಸಬೇಕಿಲ್ಲ. 150–170 ಡಿಗ್ರಿ ಬಿಸಿ ಇರೋವಾಗ್ಲೇ ಹೊಡೀಬಹುದು, ಹಾಗೆ ಹೊಡೆದ್ರೇ ಚೆನ್ನಾಗಿ ಬಿಡುತ್ತೆ. ಐಸ್ ಕಾಳು ಮೈನಸ್ 78 ಡಿಗ್ರಿ, ಮೋಲ್ಡ್ ಪ್ಲಸ್ 160. ಆ ಪದರ ಥಟ್ಟನೆ ತಣ್ಣಗಾಗಿ ಕುಗ್ಗಿ ಬಿರುಕು ಬಿಡುತ್ತೆ. ಕಾಳು ಬಡಿದ ಜಾಗದಲ್ಲೇ ಆವಿಯಾಗಿ ನೂರಾರು ಪಟ್ಟು ಉಬ್ಬುತ್ತಲ್ಲ, ಆ ಉಬ್ಬರ ಬಿರುಕಿನಿಂದ ಕೊಳೆಯನ್ನ ಎಬ್ಬಿಸಿ ಹಾಕುತ್ತೆ. ಮರಳು, ಗಾಜಿನ ಮಣಿ ಹೊಡೆದ್ರೆ ಪಾರ್ಟಿಂಗ್ ಲೈನ್ (ಮೋಲ್ಡಿನ ಎರಡು ಭಾಗ ಕೂಡೋ ಗೆರೆ) ಸವೆದು ಫ್ಲ್ಯಾಶ್ (ಅಂಚಲ್ಲಿ ಹೊರಬರೋ ಹೆಚ್ಚುವರಿ ರಬ್ಬರ್) ಜಾಸ್ತಿಯಾಗುತ್ತೆ. ಡ್ರೈ ಐಸ್ ಮೆತ್ತಗಿನ ವಸ್ತು, ಸ್ಟೀಲನ್ನ ಕೆರೆಯಲ್ಲ. ಹಾಗಂತ ತುಕ್ಕು, ಗಟ್ಟಿ ಪೇಂಟು ತೆಗೀಬೇಕು ಅಂದ್ರೆ ಇದರಿಂದ ಆಗಲ್ಲ, ಆ ಆಸೆ ಇಟ್ಕೋಬೇಡಿ.

ಆದ್ರೆ ಕಂಪ್ರೆಸರ್ ನೋಡ್ಕೊಳ್ಳಿ. ಮೆಷಿನ್ ಅಗ್ಗಕ್ಕೆ ಸಿಕ್ಕಿತು ಅಂತ ತಂದು, ಗಾಳಿ ಸಾಲದೆ ಮೂಲೆಗೆ ತಳ್ಳಿದೋರನ್ನ ನಾನೇ ನೋಡಿದೀನಿ. 5–7 ಬಾರ್ ಒತ್ತಡ ಬರೋದು ಸುಲಭ, ಆ ಒತ್ತಡದಲ್ಲಿ ಗನ್ ಒತ್ತಿ ಹಿಡಿದಷ್ಟು ಹೊತ್ತೂ ಗಾಳಿ ನಿಲ್ಲದೆ ಬರಬೇಕು, ಅದು ಕಷ್ಟ. ಗಾಳಿ ಒಣಗಿರಬೇಕು. ಏರ್ ಡ್ರೈಯರ್ ಇಲ್ಲದೆ ಮಳೆಗಾಲದಲ್ಲಿ ಓಡಿಸಿದ್ರೆ ಹೋಸ್ ಒಳಗೆ ತೇವ ಹೆಪ್ಪುಗಟ್ಟಿ, ಐದೇ ನಿಮಿಷಕ್ಕೆ ನಾಝಲ್ ಕಟ್ಟಿಕೊಳ್ಳುತ್ತೆ. ಜುಲೈನಲ್ಲಿ ನಮಗೆ ಆಗಿದ್ದು ಅದೇ.

ರೂಮಿನ ವಿಷಯ ಬೇರೆಯವರು ಹೇಳಲಿ. ನಮ್ಮಲ್ಲಿ ಎರಡು ವರ್ಷದಿಂದ ಕಂಪ್ರೆಸರ್ ರೂಮಲ್ಲೇ ಇಡ್ತಿದೀವಿ, ಏನೂ ಆಗಿಲ್ಲ. ಆಕ್ಸಿಜನ್ ಮೀಟರ್ ಒಂದಿದೆ, ಒಂದು ಸಲಾನೂ ಕೂಗಿಲ್ಲ.

ಪೆಲೆಟ್_ನಂಜನಗೂಡು

ಹೂಟಗಳ್ಳಿ ಸರ್, ನಾನು ಐದು ವರ್ಷ ಪೆಲೆಟ್ (ಡ್ರೈ ಐಸ್ ಕಾಳು) ಮಾಡೋ ಮೆಷಿನ್ ಮೇಲೆ ಕೆಲಸ ಮಾಡಿದೋಳು. ಮಾಡೋ ಕ್ರಮ ಹೇಳ್ತೀನಿ, ಆಮೇಲೆ ನೀವೇ ತೀರ್ಮಾನ ಮಾಡಿ.

ದ್ರವ ರೂಪದ ಸಿಓ2 ದೊಡ್ಡ ಟ್ಯಾಂಕಲ್ಲಿ ಸುಮಾರು 20 ಬಾರ್ ಒತ್ತಡ, ಮೈನಸ್ 20 ಡಿಗ್ರಿ ಆಸುಪಾಸಲ್ಲಿ ಇರುತ್ತೆ. ಅದನ್ನ ಮೆಷಿನ್ನಿನ ಚೇಂಬರ್‌ಗೆ ಬಿಟ್ಟಾಗ ಒತ್ತಡ ಇಳಿಯುತ್ತೆ. 5.2 ಬಾರ್‌ಗಿಂತ ಕೆಳಗೆ ಸಿಓ2 ದ್ರವವಾಗಿ ಇರೋಕೆ ಆಗೋದೇ ಇಲ್ಲ. ಒಂದು ಪಾಲು ಹಿಮವಾಗುತ್ತೆ, ಉಳಿದಿದ್ದು ಗ್ಯಾಸಾಗಿ ಹೊರಗೆ ಹೋಗುತ್ತೆ. ಆ ಹಿಮ ಕೈಗೆ ಸಿಕ್ಕಿದ್ರೆ ಪುಡಿ ಉಪ್ಪಿನ ಹಾಗೆ. ಹೈಡ್ರಾಲಿಕ್ ರ‍್ಯಾಮ್ ಅದನ್ನ ತೂತಿನ ಪ್ಲೇಟಿಗೆ ಒತ್ತುತ್ತೆ. ನಮ್ಮ ಮನೆಗಳಲ್ಲಿ ಒತ್ತು ಶಾವಿಗೆ ಬರುತ್ತಲ್ಲ, ಥೇಟ್ ಹಾಗೇ ಬಿಳಿ ಎಳೆ ಇಳಿದು ತುಂಡು ತುಂಡಾಗಿ ಬೀಳುತ್ತೆ. ಬ್ಲಾಸ್ಟಿಂಗ್‌ಗೆ 3 ಮಿಮೀ ದಪ್ಪದ್ದು. ಶುರುವಲ್ಲಿ ಪ್ಲೇಟ್ ಇನ್ನೂ ತಣ್ಣಗಾಗದೆ ಇರೋದ್ರಿಂದ ಬರೀ ಪುಡಿ ಬರುತ್ತೆ, ಅದನ್ನ ಪಕ್ಕಕ್ಕೆ ಹಾಕಬೇಕು. ಒಳ್ಳೆ ಪೆಲೆಟ್ ಮುರಿದ್ರೆ ಟಕ್ ಅನ್ನುತ್ತೆ.

ಖರ್ಚು ಇರೋದು ಆ ಹೊರಗೆ ಹೋಗೋ ಗ್ಯಾಸಲ್ಲಿ. ಗ್ಯಾಸ್ ವಾಪಸ್ ಹಿಡಿಯೋ ವ್ಯವಸ್ಥೆ ಇಲ್ಲದಿದ್ರೆ 1 ಕೆಜಿ ಐಸ್‌ಗೆ ಎರಡೂಕಾಲು, ಎರಡೂವರೆ ಕೆಜಿ ದ್ರವ ಬೇಕು. ಜೊತೆಗೆ ಟ್ಯಾಂಕು. 1,000 ಲೀಟರ್ ಮೀರಿದ ಒತ್ತಡದ ಟ್ಯಾಂಕಾದ್ರೆ 2016ರ ಪ್ರೆಶರ್ ವೆಸೆಲ್ ನಿಯಮಗಳ ಕೆಳಗೆ ಪೆಸೊ (ಕೇಂದ್ರ ಸರ್ಕಾರದ ಸ್ಫೋಟಕ ಸುರಕ್ಷತಾ ಸಂಸ್ಥೆ) ಲೈಸೆನ್ಸ್ ಬೇಕು. ವಾರಕ್ಕೆ 150 ಕೆಜಿಗೆ ಇಷ್ಟೆಲ್ಲ ಮಾಡೋದು ಲೆಕ್ಕಕ್ಕೆ ಬರಲ್ಲ, ಕೊಂಡುಕೊಳ್ಳಿ. ಸಿಲಿಂಡರ್‌ಗೆ ಸಿಕ್ಕಿಸೋ ಸಣ್ಣ ಹಿಮದ ಯಂತ್ರ ತೋರಿಸಿ ಯಾರಾದ್ರೂ ಮಾರೋಕೆ ಬರಬಹುದು, ಅದರಿಂದ ಪೆಲೆಟ್ ಬರಲ್ಲ. ನಮ್ಮೂರ ಏಪ್ರಿಲ್ ಬಿಸಿಲಿಗೆ ಅದು ಇನ್ನೂ ಸೋಲುತ್ತೆ. 31 ಡಿಗ್ರಿ ದಾಟಿದ ಮೇಲೆ ಸಿಲಿಂಡರ್ ಒಳಗೆ ಎಷ್ಟೇ ಒತ್ತಡ ಇದ್ರೂ ಸಿಓ2ಗೆ ದ್ರವ ರೂಪ ಇರಲ್ಲ.

ತರಿಸೋವಾಗ ಯಾವತ್ತು ಮಾಡಿದ ಐಸ್ ಅಂತ ಕೇಳಿ. ಎರಡು ಮೂರು ದಿನ ಆದದ್ದು ಗಾಳಿಯ ತೇವ ಎಳಕೊಂಡು ಅಂಟಿಕೊಳ್ಳುತ್ತೆ, ಮೆಷಿನ್‌ಗೆ ಐಸ್ ತುಂಬೋ ಹಾಪರ್‌ನಲ್ಲಿ ಗಂಟು ಕಟ್ಟುತ್ತೆ, ಏಟಿನ ಬಲವೂ ಕಮ್ಮಿ. ಬೆಳಿಗ್ಗೆ ತರಿಸಿ ಅವತ್ತೇ ಮುಗಿಸೋದು ಎಲ್ಲಕ್ಕಿಂತ ಒಳ್ಳೇದು. ಹಾಗೆ ಮಾಡಿದ್ರೆ ನಿಮ್ಮ ನೆಲಮಾಳಿಗೆ ಪ್ರಶ್ನೆಯೇ ಬರಲ್ಲ.

ಶಿಫ್ಟ್_ಇನ್‌ಚಾರ್ಜ್_ಮಂಡ್ಯ

ಹೂಟಗಳ್ಳಿ ಅಣ್ಣ, ಕೈ ಮುಗಿದು ಕೇಳ್ಕತೀನಿ, ಆ ರೂಮಲ್ಲಿ ಮಡಗಬ್ಯಾಡಿ. ಮೇಟಗಳ್ಳಿ ಅಣ್ಣ, ನೀವೂ ಓದಿ. ಎರಡು ವರ್ಷ ಏನೂ ಆಗಿಲ್ಲ ಅಂದ್ರಲ್ಲ, ಆ ಮಾತು ನಾನೂ ಆಡ್ತಿದ್ದೆ.

ಕಾರ್ಖಾನೆ ಹೆಸರು ಬೇಡ. ಕಬ್ಬು ಅರೆಯೋದು ಮುಗಿದು ಆಫ್ ಸೀಸನ್. ಟರ್ಬೈನಿನ ಜನರೇಟರ್ ವೈಂಡಿಂಗ್ ಮೇಲೆ ಎಣ್ಣೆ ಜಿಡ್ಡು, ಧೂಳು ಕೂತಿತ್ತು. ನೀರು ಹಾಕಂಗಿಲ್ಲ, ಅದಕ್ಕೇ ಡ್ರೈ ಐಸ್‌ನೋರನ್ನ ಕರೆಸಿದ್ವಿ. ಕೆಲಸ ಚೆಂದ ಮಾಡಿದ್ರು, ಅದ್ರಲ್ಲಿ ಎರಡು ಮಾತಿಲ್ಲ. ಮಧ್ಯಾಹ್ನ ಬಿಸಿಲು ಜಾಸ್ತಿ ಅಂತ ಉಳಿದ ಮೂರು ಬಾಕ್ಸನ್ನ ಹಾಲ್ ಕೆಳಗಿನ ಕೇಬಲ್ ಸೆಲ್ಲಾರ್‌ಗೆ ಇಳಿಸಿದ್ರು. ತಂಪಾಗಿರ್ತದೆ ಅಂತ. ಹೂಂ ಅಂದೋನು ನಾನೇ.

ಮಾರನೇ ದಿನ ಬೆಳಿಗ್ಗೆ ಒಂದು ಬಾಕ್ಸ್ ತರಾಕೆ ಹೆಲ್ಪರ್ ಹುಡುಗ ಇಳಿದ. ಇಪ್ಪತ್ತೆರಡು ವಯಸ್ಸು, ಗಟ್ಟಿ ಆಳು. ಎರಡು ನಿಮಿಷ ಆಯ್ತು, ಬರ್ಲಿಲ್ಲ. ಮೇಲಿಂದ ಕೂಗಿದೆ. ಊಂ ಅಂದ, ಆದ್ರೆ ದನಿ ಸರಿ ಇರ್ಲಿಲ್ಲ. ಬಗ್ಗಿ ನೋಡಿದ್ರೆ ಕೆಳಗಿನ ಮೆಟ್ಟಿಲ ಮೇಲೆ ಕೂತವ್ನೆ, ಓಡಿ ಬಂದೋನ ಹಂಗೆ ಏದುಸಿರು, ಬಾಕ್ಸು ಕಾಲ ಹತ್ರ. ಏಳ್ಲಾ ಅಂದ್ರೆ ಏಳಾಕೆ ಆಗ್ತಿಲ್ಲ. ನಾನೂ ಫಿಟ್ಟರೂ ಮೇಲಿಂದ್ಲೇ ಅಂಗಿ ಕಾಲರ್ ಹಿಡಿದು ಎಳಕಂಡ್ವಿ. ಅವನು ಕೈಗೆ ಸಿಗೋ ದೂರದಲ್ಲಿ ಕೂತಿದ್ನಲ್ಲ, ಉಳಿದದ್ದು ಅದ್ರಿಂದ. ಇನ್ನು ನಾಕು ಹೆಜ್ಜೆ ಒಳಗೆ ಬಿದ್ದಿದ್ರೆ ನಾನು ಯೋಚನೆ ಮಾಡದೆ ಹಾರ್ತಿದ್ದೆ, ನನ್ ಹಿಂದೆ ಫಿಟ್ಟರ್ ಹಾರ್ತಿದ್ದ. ಪಾಳು ಬಾವಿ ಕ್ಲೀನ್ ಮಾಡಾಕೆ ಇಳಿದು ಒಬ್ಬರ ಹಿಂದೆ ಒಬ್ಬರು ಹೋದ ಸುದ್ದಿ ನಮ್ ಕಡೆ ಎಷ್ಟು ಕೇಳಿಲ್ಲ?

ಈಗ ಮೀಟರ್ ಮಾತು. ನನ್ ಸೊಂಟದಲ್ಲಿ ಆಕ್ಸಿಜನ್ ಮೀಟರ್ ಇತ್ತು. ಹಗ್ಗ ಕಟ್ಟಿ ಆ ಸೆಲ್ಲಾರ್‌ಗೆ ಇಳಿಬಿಟ್ಟು ನೋಡಿದ್ವಿ. 19.8 ತೋರಿಸ್ತು. ಕೂಗಲೇ ಇಲ್ಲ. ಅದು ಕೂಗೋದು 19.5ಕ್ಕೆ. ಹುಡುಗ ಏಳಾಕಾಗದೆ ಕೂತವ್ನೆ, ಮೀಟರ್ ಎಲ್ಲ ಸರಿಯಾಗೈತೆ ಅಂತೈತೆ. ಆ ಮೇಲೆ ನಾನು ಒಂದು ವಾರ ಸರಿಯಾಗಿ ನಿದ್ದೆ ಮಾಡ್ಲಿಲ್ಲ.

ಕೆಮಿಸ್ಟ್ರಿ_ಮೇಷ್ಟ್ರು_ಸರಸ್ವತಿಪುರಂ

ಮಂಡ್ಯದವರು ಬರೆದ 19.8 ಎಂಬ ಅಂಕಿಯನ್ನು ಎಲ್ಲರೂ ನೆನಪಿಟ್ಟುಕೊಳ್ಳಬೇಕು ಎಂದು ನಿವೃತ್ತ ಮೇಷ್ಟ್ರಾಗಿ ಕೇಳಿಕೊಳ್ಳುತ್ತೇನೆ. ಗಾಳಿಯಲ್ಲಿ ಆಮ್ಲಜನಕ ಶೇ. 20.9. ಅಲ್ಲಿಗೆ ಶೇ. 5ರಷ್ಟು ಇಂಗಾಲದ ಡೈಆಕ್ಸೈಡ್ ಬಂದು ಸೇರಿದರೆ ಅದು ಎಲ್ಲವನ್ನೂ ಸಮಪಾಲಿನಲ್ಲಿ ತಳ್ಳುತ್ತದೆ. ಆಮ್ಲಜನಕ ಇಳಿಯುವುದು ಬರೀ ಸುಮಾರು 1 ಅಂಶ, 19.8–19.9ಕ್ಕೆ. ಆಮ್ಲಜನಕ ಸಾಕಷ್ಟಿದೆ, ನಿಜ. ಆದರೆ ಇಂಗಾಲದ ಡೈಆಕ್ಸೈಡ್ ಸಾರಜನಕದಂತೆ ಸುಮ್ಮನಿರುವ ಅನಿಲವಲ್ಲ. ಅದು ರಕ್ತಕ್ಕೆ ಇಳಿದು ಆಮ್ಲತೆ ಹೆಚ್ಚಿಸುತ್ತದೆ, ತಾನೇ ವಿಷದಂತೆ ವರ್ತಿಸುತ್ತದೆ. ಕೆಲಸದ ಜಾಗದಲ್ಲಿ 8 ಗಂಟೆಗೆ ಮಿತಿ 5,000 ಪಿಪಿಎಂ, ಅಂದರೆ ಶೇ. 0.5. ಹದಿನೈದು ನಿಮಿಷಕ್ಕೆ 30,000. 40,000 ಪಿಪಿಎಂ, ಅಂದರೆ ಶೇ. 4, ತಕ್ಷಣ ಜೀವಕ್ಕೆ ಅಪಾಯವೆಂದು ಗುರುತಿಸಿದ ಮಟ್ಟ. ಶೇ. 10 ದಾಟಿದರೆ ಕೆಲವೇ ನಿಮಿಷದಲ್ಲಿ, ಕೆಲವೊಮ್ಮೆ ಅದಕ್ಕೂ ಮೊದಲೇ ಪ್ರಜ್ಞೆ ತಪ್ಪುತ್ತದೆ. ಹಳ್ಳಿಗಳಲ್ಲಿ ಬಾವಿಗೆ ದೀಪ ಇಳಿಬಿಟ್ಟು ನೋಡುತ್ತಿದ್ದರಲ್ಲ, ಆ ಪರೀಕ್ಷೆಯನ್ನೂ ಇಲ್ಲಿ ನಂಬಬೇಡಿ. ಮನುಷ್ಯ ಕುಸಿಯುವ ಮಟ್ಟದಲ್ಲಿ ದೀಪ ಇನ್ನೂ ಉರಿಯುತ್ತಿರುತ್ತದೆ.

ಹೂಟಗಳ್ಳಿಯವರ ರೂಮಿಗೆ ಲೆಕ್ಕ ಹಾಕೋಣ. 12×10×10 ಅಡಿ ಎಂದರೆ 1,200 ಘನ ಅಡಿ, ಸುಮಾರು 34 ಘನ ಮೀಟರ್. 50 ಕೆಜಿ ಐಸು ಸಾಧಾರಣ ಥರ್ಮಾಕೋಲ್ ಬಾಕ್ಸಿನಲ್ಲಿ ದಿನಕ್ಕೆ ಶೇ. 10ರಷ್ಟು ಹೋಗುತ್ತದೆ ಎಂದಿಟ್ಟುಕೊಳ್ಳಿ, 5 ಕೆಜಿ. ಒಂದು ಕೆಜಿ ಐಸು ಆವಿಯಾದರೆ ಸುಮಾರು 540 ಲೀಟರ್ ಅನಿಲ. ಒಟ್ಟು 2.7 ಘನ ಮೀಟರ್. ಬಾಗಿಲು ಮುಚ್ಚಿದ ರೂಮಿನಲ್ಲಿ ಒಂದೇ ದಿನಕ್ಕೆ ಹೆಚ್ಚುಕಮ್ಮಿ ಶೇ. 8. ಅದೂ ರೂಮಿಡೀ ಸಮನಾಗಿ ಬೆರೆತರೆ. ಈ ಅನಿಲ ಗಾಳಿಗಿಂತ ಒಂದೂವರೆ ಪಟ್ಟು ಭಾರ, ತಣ್ಣಗಿದ್ದಾಗ ಇನ್ನೂ ಭಾರ. ನೆಲ ಹಿಡಿದು ತುಂಬುತ್ತಾ ಬರುತ್ತದೆ. ಆರು ಮೆಟ್ಟಿಲು ಕೆಳಗಿರುವ ರೂಮು ಅದರ ಮಟ್ಟಿಗೆ ಒಂದು ತೊಟ್ಟಿ. ಶನಿವಾರ ಸಂಜೆ ಇಟ್ಟು ಸೋಮವಾರ ಬೆಳಿಗ್ಗೆ ಬಾಗಿಲು ತೆಗೆಯುವ ಹುಡುಗನನ್ನು ನೆನೆಸಿಕೊಳ್ಳಿ.

ಇನ್ನೊಂದು ಮಾತು. ಡ್ರೈ ಐಸಿನ ಸುತ್ತ ಕಾಣುವ ಬಿಳಿ ಹೊಗೆ ಇಂಗಾಲದ ಡೈಆಕ್ಸೈಡ್ ಅಲ್ಲ, ಗಾಳಿಯಲ್ಲಿದ್ದ ನೀರಾವಿ ತಣ್ಣಗಾಗಿ ಆದ ಮಂಜು. ಅದು ಕರಗಿದ ಮೇಲೂ ಅನಿಲ ಅಲ್ಲೇ ಇರುತ್ತದೆ, ಬಣ್ಣವಿಲ್ಲದೆ, ವಾಸನೆಯಿಲ್ಲದೆ.

ಟೂಲ್‌ರೂಮ್_ಮೇಟಗಳ್ಳಿ

ಮಂಡ್ಯದ ಅಣ್ಣ, ಮೇಷ್ಟ್ರೇ, ಓದಿದೆ. ಇವತ್ತೇ ಬಾಕ್ಸ್‌ಗಳನ್ನ ಕಂಪ್ರೆಸರ್ ರೂಮಿಂದ ಹೊರಗೆ ತೆಗೆಸಿದೆ. ಆ ಕಂಪ್ರೆಸರ್ ಗಾಳಿ ಎಳೆಯೋದು ಅದೇ ರೂಮಿಂದ, ಅಂದ್ರೆ ಬಾಕ್ಸಿನ ಗ್ಯಾಸನ್ನೇ ಎಳೆದು ಹುಡುಗನ ಮುಖದ ಮುಂದೆ ಊದ್ತಿದ್ವಿ. ಇದು ಇಷ್ಟು ದಿನ ಹೊಳೆದಿರಲಿಲ್ಲ. ತಪ್ಪು ನನ್ನದೇ. ಸಿಓ2 ಅಳೆಯೋ ಮೀಟರ್‌ಗೆ ಆರ್ಡರ್ ಹಾಕಿದೀನಿ.

ಪ್ರೆಸ್_ಶಾಪ್_ಹೂಟಗಳ್ಳಿ

ಎಲ್ಲರಿಗೂ ಹೇಗೆ ಧನ್ಯವಾದ ಹೇಳಬೇಕೋ ಗೊತ್ತಾಗ್ತಿಲ್ಲ. ಆ ರೂಮಿಗೆ ಬೀಗ ಹಾಕಿಸಿದೆ, ಅಲ್ಲಿ ಐಸ್ ಇಡೋ ಮಾತೇ ಇಲ್ಲ. ಹಿಂದುಗಡೆ ಮೂರು ಕಡೆ ತೆರೆದ ಶೀಟಿನ ಶೆಡ್ ಇದೆ, ನೆರಳು ಬೀಳುತ್ತೆ. ಅಲ್ಲಿ ಇಟ್ರೆ ಸರಿನಾ? ಪ್ರೆಸ್ ಹಾಲ್ ಒಳಗೆ ಬ್ಲಾಸ್ಟಿಂಗ್ ಮಾಡೋವಾಗ ಎಷ್ಟು ಗಾಳಿ ಬೇಕು? ಬೆಂಗಳೂರಿಂದ ಐಸ್ ತರೋಕೆ ನಮ್ಮ ಓಮ್ನಿ ವ್ಯಾನ್ ಕಳಿಸೋಣ ಅಂದ್ಕೊಂಡಿದೀನಿ.

ಪೆಲೆಟ್_ನಂಜನಗೂಡು

ತೆರೆದ ಶೆಡ್ ಸರಿ ಸರ್. ನೆಲದ ಹತ್ರ ಗಾಳಿ ಆಡಬೇಕು, ಪಕ್ಕದಲ್ಲಿ ಮೋರಿ, ಗುಂಡಿ ಇರಬಾರದು. ಬಾಕ್ಸಿನ ಮುಚ್ಚಳಕ್ಕೆ ಟೇಪ್ ಸುತ್ತಿ ಬಿಗಿ ಮಾಡಬೇಡಿ, ಗ್ಯಾಸ್ ಹೊರಗೆ ಬರೋಕೆ ದಾರಿ ಇರಲೇಬೇಕು. ಗಟ್ಟಿ ಮುಚ್ಚಳದ ಡ್ರಮ್ಮು, ಕ್ಯಾನು, ನೀರಿನ ಬಾಟಲಿ ಯಾವುದರಲ್ಲೂ ಹಾಕಬಾರದು, ಸಿಡಿಯುತ್ತೆ. ಬಾಕ್ಸನ್ನ ಸಂಜೆ ಒಂದು ಸಲ, ಬೆಳಿಗ್ಗೆ ಒಂದು ಸಲ ತೂಕ ಮಾಡಿ ಬರೆದಿಡಿ, ನಿಮ್ಮ ಬಾಕ್ಸಿನ ಯೋಗ್ಯತೆ ವಾರದಲ್ಲಿ ಗೊತ್ತಾಗುತ್ತೆ. ಖಾಲಿ ಜಾಗ ಜಾಸ್ತಿ ಇದ್ದಷ್ಟೂ ನಷ್ಟ ಜಾಸ್ತಿ, ಅರ್ಧ ಖಾಲಿಯಾದ್ರೆ ಮೇಲೆ ಥರ್ಮಾಕೋಲ್ ಹಲಗೆ ಅಥವಾ ದಪ್ಪ ಕಾಗದ ತುಂಬಿ.

ಓಮ್ನಿ ಬೇಡವೇ ಬೇಡ ಸರ್. ಡ್ರೈವರ್‌ಗೂ ಸಾಮಾನಿಗೂ ಮಧ್ಯೆ ಗೋಡೆ ಇಲ್ಲದ ಗಾಡಿ ಅದು. ದಾರಿಯಲ್ಲಿ 1 ಕೆಜಿ ಆವಿಯಾದ್ರೂ ಅರ್ಧ ಘನ ಮೀಟರ್ ಗ್ಯಾಸು, ವ್ಯಾನಿನ ಒಳಗಿರೋದೇ ಮೂರ್ನಾಲ್ಕು ಘನ ಮೀಟರ್ ಜಾಗ. ಎಕ್ಸ್‌ಪ್ರೆಸ್‌ವೇನಲ್ಲಿ ಗಾಜು ಏರಿಸಿ ಎಸಿ ಹಾಕ್ಕೊಂಡು ನೂರರಲ್ಲಿ ಬರೋ ಡ್ರೈವರ್‌ಗೆ ತೂಕಡಿಕೆ ಬಂದ್ರೆ ಏನು ಗತಿ? ಹಿಂದೆ ತೆರೆದಿರೋ ಗೂಡ್ಸ್ ಗಾಡಿಯಲ್ಲಿ, ಮೇಲೆ ಟಾರ್ಪಾಲ್ ಕಟ್ಟಿ ತರಿಸಿ.

ಕೈಗವಸು ಚರ್ಮದ್ದು, ಸ್ವಲ್ಪ ಸಡಿಲ ಇರಲಿ, ತಾಗಿದ್ರೆ ಥಟ್ಟಂತ ಬಿಚ್ಚೋಕೆ ಬರಬೇಕು. ತೆಳು ರಬ್ಬರ್ ಗ್ಲೌಸ್ ಬೇಡ. ಐಸ್ ತಾಗಿ ಚರ್ಮ ಬೆಳ್ಳಗಾದ್ರೆ ಉಜ್ಜಬಾರದು, ಬೆಂಕಿ ಹತ್ರ ಹಿಡಿಯಬಾರದು. ಉಗುರುಬೆಚ್ಚಗಿನ ನೀರಲ್ಲಿ ಇಟ್ಟು ಡಾಕ್ಟರ್ ಹತ್ರ ಕರ್ಕೊಂಡು ಹೋಗಿ. ಹೆಲ್ಪರ್‌ಗಳಿಗೆ ಇದು ತಿನ್ನೋ ಐಸ್ ಅಲ್ಲ ಅಂತ ಮೊದಲ ದಿನವೇ ಹೇಳಿ. 2024ರಲ್ಲಿ ಗುರುಗ್ರಾಮದ ಒಂದು ಹೋಟೆಲ್‌ನಲ್ಲಿ ಮೌತ್ ಫ್ರೆಶ್ನರ್ ಅಂತ ಡ್ರೈ ಐಸ್ ಬಾಯಿಗೆ ಹಾಕ್ಕೊಂಡು ರಕ್ತ ಕಾರಿದೋರ ಸುದ್ದಿ ಓದಿರ್ತೀರಿ.

ಕೆಮಿಸ್ಟ್ರಿ_ಮೇಷ್ಟ್ರು_ಸರಸ್ವತಿಪುರಂ

ಹಾಲಿನ ಗಾಳಿ ಲೆಕ್ಕ: ಗಂಟೆಗೆ 40 ಕೆಜಿ ಐಸು ಹೊಡೆದರೆ ಗಂಟೆಗೆ 21.6 ಘನ ಮೀಟರ್ ಅನಿಲ. ಅದನ್ನು ಶೇ. 0.5ರ ಒಳಗೆ ಇಡಬೇಕಾದರೆ ಗಂಟೆಗೆ ಸುಮಾರು 4,700 ಘನ ಮೀಟರ್ ಹೊಸ ಗಾಳಿ ಬೇಕು. ನಿಮ್ಮ ಎಕ್ಸಾಸ್ಟ್ ಫ್ಯಾನ್ ಮೇಲೆ ಬರೆದಿರುವ ಅಂಕಿಯೊಡನೆ ಹೋಲಿಸಿ ನೋಡಿ. ಎತ್ತರದಲ್ಲಿರುವ ಫ್ಯಾನು ನೆಲದ ಅನಿಲವನ್ನು ಸರಿಯಾಗಿ ಎಳೆಯುವುದಿಲ್ಲ, ಒಂದನ್ನಾದರೂ ಮೊಣಕಾಲೆತ್ತರದಲ್ಲಿ ಕೂರಿಸಿ. ಮೀಟರು ಕೆಲಸಗಾರನ ಎದೆಯ ಮೇಲಿರಲಿ, ಇನ್ನೊಂದು ನೆಲದ ಹತ್ತಿರ.

ಟೂಲ್‌ರೂಮ್_ಮೇಟಗಳ್ಳಿ

ಎರಡು ವಿಷಯ ಬಿಟ್ಟುಹೋಗಿತ್ತು. ಬ್ಲಾಸ್ಟಿಂಗ್ ಮಾಡೋವಾಗ ಸ್ಟ್ಯಾಟಿಕ್ ಕರೆಂಟ್ ಹುಟ್ಟುತ್ತೆ. ಮೋಲ್ಡ್ ಪ್ರೆಸ್ ಮೇಲೆ ಇದ್ರೆ ಅರ್ತಿಂಗ್ ಇರುತ್ತೆ, ಟೇಬಲ್ ಮೇಲೆ ಇಟ್ಟು ಹೊಡೆದ್ರೆ ತಪ್ಪದೆ ಅರ್ತ್ ಕ್ಲ್ಯಾಂಪ್ ಹಾಕಿ. ನನಗೆ ಮೊಣಕೈವರೆಗೆ ಜುಂ ಅಂದಿತ್ತು. ಹತ್ತಿರದಲ್ಲಿ ಸಾಲ್ವೆಂಟ್ ಡಬ್ಬ ಇದ್ರೆ ಅದು ಬೆಂಕಿ ಅನಾಹುತ. ಇನ್ನೊಂದು ಶಬ್ದ. 100 ಡೆಸಿಬಲ್ ದಾಟುತ್ತೆ, ಕಿವಿಗೆ ಪ್ಲಗ್ ಹಾಕಿ ಅದರ ಮೇಲೆ ಮಫ್ ಹಾಕಿಸಿ. ಪಕ್ಕದ ಪ್ರೆಸ್‌ನಲ್ಲಿ ನಿಂತಿರೋರಿಗೂ ಬೇಕು.

ಪ್ರೆಸ್_ಶಾಪ್_ಹೂಟಗಳ್ಳಿ

ಮೂರು ವಾರದ ನಂತರ ಬರೀತಿದೀನಿ. ಮೆಷಿನ್ ಬಂತು, ಡ್ರೈಯರ್ ಹೊಸದು ತಗೊಂಡೆ, ಕಂಪ್ರೆಸರ್ ಇನ್‌ಟೇಕ್ ಪೈಪನ್ನ ಗೋಡೆ ಆಚೆಗೆ ತೆಗೆದೆ. ಶನಿವಾರ ಮೊದಲ ಮೋಲ್ಡ್ ಬಿಸಿ ಇರೋವಾಗ್ಲೇ ಹೊಡೆದ್ವಿ. ಹದಿನೆಂಟು ನಿಮಿಷಕ್ಕೆ ಸೀಲಿನ ತುಟಿ ಕೂರೋ ಸಣ್ಣ ಗೆರೆಯ ಒಳಗೂ ಸ್ಟೀಲು ಹೊಳೆಯೋಕೆ ಶುರುವಾಯ್ತು, ಅಲ್ಲಿಗೆ ಬ್ರಷ್ ಯಾವತ್ತೂ ಹೋಗ್ತಿರಲಿಲ್ಲ. ಫ್ಯಾನ್ ಎರಡೂ ಓಡ್ತಿದ್ದಾಗ ಎದೆಯ ಮೀಟರ್ 2,600 ದಾಟಲಿಲ್ಲ. ಒಂದು ಫ್ಯಾನ್ ನಿಲ್ಲಿಸಿ ನೋಡಿದೆ, ಹತ್ತು ನಿಮಿಷದಲ್ಲಿ 5,000 ಆಗಿ ಕೂಗಿತು. ಕೆಲಸ ನಿಲ್ಲಿಸಿ ಬಾಗಿಲು ತೆಗೆದ್ವಿ. ಈಗ ಹುಡುಗರಿಗೆ ಆ ಶಬ್ದ ಏನಂತ ಗೊತ್ತು. ಒಂದೇ ಒಂದು ಕೇಳೋದಿದೆ. ದಿನದ ಕೊನೆಗೆ ಐದಾರು ಕೆಜಿ ಉಳಿಯುತ್ತೆ, ವಾಶ್‌ಬೇಸಿನ್‌ಗೆ ಹಾಕಿ ನೀರು ಬಿಡಲಾ?

ಶಿಫ್ಟ್_ಇನ್‌ಚಾರ್ಜ್_ಮಂಡ್ಯ

ಬ್ಯಾಡಣ್ಣ. ಬೇಸಿನ್ನು ಸೀಳ್ತದೆ, ಗ್ಯಾಸು ಪೈಪ್ ಹಿಡಿದು ಮೋರಿಗೆ ಇಳೀತದೆ. ಅಂಗಳದಲ್ಲಿ ಬಯಲಾಗಿರೋ ಕಡೆ ಒಣಗಿದ ಕಾಂಕ್ರೀಟ್ ಮೇಲೆ ತೆಳ್ಳಗೆ ಹರವಿ, ಸುತ್ತ ಹಗ್ಗ ಕಟ್ಟಿ, ವಾಚ್‌ಮನ್‌ಗೆ ಹೇಳಿ. ನಾಯಿ ಮರಿ ಮಲಗಾಕೆ ಬರ್ತವೆ, ಅವನ್ನೂ ನೋಡ್ಕಬೇಕು. ಬೆಳಿಗ್ಗೆಗೆ ಏನೂ ಇರಾಕಿಲ್ಲ.